ಸೆಟ್ಟಿಗೆ ಹತ್ತಿದ ಕೈ

ನಮ್ಮ ಊರಿನಲ್ಲಿ ಹೊಸದಕ್ಕಿಂತ ಹಳೆಯದಕ್ಕೇ ಬೆಲೆ ಜಾಸ್ತಿ. ಇದೇನು ವಿಚಿತ್ರ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ವಿಚಿತ್ರ ಏನೂ ಇಲ್ಲ. ಬರಿಗೈಯಲ್ಲಿ ಹಿಡಿದ ವಸ್ತುವಿಗೆ ಹಿಡಿದವರ ಕೈ ಹತ್ತುತ್ತದೆ. ಆಮೇಲೆ ಅದನ್ನು ಬರಿಗೈಯಲ್ಲಿ ಹಿಡಿದವರ ಬೆರಳು ಮೊದಲಿನವರ ಬೆರಳಿನಂತೆ ಆಡುತ್ತದೆ, ಅಷ್ಟೆ. ಅದಕ್ಕೇ ನಮ್ಮಲ್ಲಿ ಬಸ್ಸಿನ ಕಂಬಿಗೆಲ್ಲ ಬಟ್ಟೆ ಸುತ್ತಿರುತ್ತಾರೆ. ಬ್ಯಾಂಕಿನ ಪೆನ್ನಿಗೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ, ಇಲ್ಲದಿದ್ದರೆ ಒಬ್ಬರ ಸಹಿ ಇನ್ನೊಬ್ಬರ ಚೆಕ್ಕಿನ ಮೇಲೆ ಬಿದ್ದುಬಿಡುತ್ತದೆ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ತನ್ನ ಸೌಟನ್ನೇ ಕೊಡುತ್ತಾಳೆ, ಮನೆಯ ಸಾರಿನ ರುಚಿ ಕೆಡದಿರಲಿ ಎಂದು. ಮೂರನೇ ದಿನಕ್ಕೆ ಸೊಸೆ ಆ ಸೌಟಿನ ಹಿಡಿಗೆ ಬಟ್ಟೆ ಸುತ್ತಿದಳೆಂದರೆ, ಇನ್ನು ಒಲೆ ಬೇರೆಯಾಗುತ್ತದೆ ಎಂದು ಬೀದಿಗೆ ಬೀದಿಯೇ ಮಾತಾಡಿಕೊಳ್ಳುತ್ತದೆ.

ನನ್ನದು ಗೇಮ್ ಸೆಟ್ಟಿನ ಅಂಗಡಿ. ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡುತ್ತಾರಲ್ಲ, ಅಂಥ ಪುಟ್ಟ ಸೆಟ್ಟುಗಳು. ಗಾಜಿನ ಕಪಾಟಿನಲ್ಲಿ ಕ್ಯಾಸೆಟ್ಟುಗಳು: ಕಾರು ಓಡಿಸುವುದು, ಮೀನು ಹಿಡಿಯುವುದು, ಇಟ್ಟಿಗೆ ಜೋಡಿಸುವುದು, ಹೊಡೆದಾಟ. ಗೋಡೆಯ ಮೇಲೆ ನೇತುಹಾಕಿದ ಸಾಮಾನೇ ನನ್ನ ನಿಜವಾದ ವ್ಯಾಪಾರ. ರಬ್ಬರಿನ ಕವಚ, ಸ್ಕ್ರೀನ್ ಗಾರ್ಡು, ಪೌಚು, ಮಣಿಕಟ್ಟಿನ ಪಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಹೆಬ್ಬೆರಳಿಗೆ ಹಾಕಿಕೊಳ್ಳುವ ಬೆರಳು ಟೋಪಿಗಳು. ಬೇರೆ ಊರುಗಳಲ್ಲಿ ಇವೆಲ್ಲ ಶೋಕಿಗೆ ಅಂತೆ. ನಮ್ಮ ಊರಿನಲ್ಲಿ ಮಾನ ಮುಚ್ಚುವುದಕ್ಕೆ. ಟೋಪಿ ಹಾಕಿ ಆಡಿದರೆ ನಿಮ್ಮ ಕೈ ಸೆಟ್ಟಿಗೆ ಹತ್ತುವುದಿಲ್ಲ, ಸೆಟ್ಟಿನ ಕೈ ನಿಮಗೆ ಹತ್ತುವುದಿಲ್ಲ. ಹಾಕದೆ ಆಡಿದರೆ ನಿಮ್ಮ ಅವಸರ, ಸೋಮಾರಿತನ, ಸೋಲುವ ಮೊದಲೇ ಗುಂಡಿ ಬಿಟ್ಟುಬಿಡುವ ಪುಕ್ಕಲುತನ ಎಲ್ಲವೂ ಅದರೊಳಗೆ ಕೂತಿರುತ್ತದೆ. ಒಳ್ಳೆಯ ಆಟಗಾರರ ಹಳೆಯ ಸೆಟ್ಟಿಗೆ ಜನ ಮುಗಿಬೀಳುವುದೂ ಇದರಿಂದಲೇ.

ಹೊಸದಾಗಲಿ ಹಳೆಯದಾಗಲಿ, ಒಂದು ಗಂಟೆ ನಾನು ಬರಿಗೈಯಲ್ಲಿ ಆಡಿ ನೋಡದ ಸೆಟ್ಟು ನನ್ನ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಹಳೆಯದರಲ್ಲಿ ಯಾವ ಕೈ ಇದೆ ಎಂದು ತಿಳಿಯಬೇಕು, ಹೊಸದರಲ್ಲಿ ಗುಂಡಿಗಳು ಪಳಗಬೇಕು. ವಾರಿಜಮ್ಮ ನೋಡಿದ ಸೆಟ್ಟು ಎಂದರೆ ಅದಕ್ಕೊಂದು ಹೆಸರಿತ್ತು. ನನ್ನ ಕೈ ನೀರಿನಂಥದ್ದು, ಹಿಡಿದರೂ ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗಳೇ ಹೇಳುತ್ತಿದ್ದರು, ನಾನೂ ಬೇಡವೆನ್ನದೆ ಕೇಳಿಸಿಕೊಳ್ಳುತ್ತಿದ್ದೆ. ಈ ಕಸುಬಿಗೆ ಇರುವುದು ಒಂದೇ ಕಟ್ಟು. ಸೆಟ್ಟಿನಲ್ಲಿ ಕಂಡ ಕೈಯ ವಿಷಯ ಅಂಗಡಿಯ ಹೊಸ್ತಿಲು ದಾಟಬಾರದು. ಯಾರ ಬೆರಳು ನಡುಗುತ್ತದೆ, ಯಾರು ಮಗನ ಹೆಸರಲ್ಲಿ ಕೊಂಡು ತಾವೇ ಹಗಲೆಲ್ಲ ಆಡುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಬಾಯಿ ಬಿಟ್ಟವಳಲ್ಲ. ಬಿಟ್ಟದ್ದು ಒಂದೇ ಸಲ, ಅದೂ ಒಡಹುಟ್ಟಿದ ತಮ್ಮನ ವಿಷಯದಲ್ಲಿ.

ನನ್ನ ತಮ್ಮ ಶ್ರೀಕಂಠ, ಮನೆಯಲ್ಲಿ ಕಂಠಿ, ಶಾಲೆಯ ವ್ಯಾನ್ ಓಡಿಸುತ್ತಿದ್ದ. ಮಕ್ಕಳನ್ನು ಬೆಳಿಗ್ಗೆ ಇಳಿಸಿ, ಸಂಜೆಯ ಗಂಟೆ ಹೊಡೆಯುವವರೆಗೆ ವ್ಯಾನಿನಲ್ಲೇ ಕೂತು ಕಾರಿನ ಆಟ ಆಡುತ್ತಿದ್ದ. ಒಂದು ದಿನ ಸೆಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಅಕ್ಕ, ಇದನ್ನ ಇಟ್ಕೊಂಡು ಹೊಸದೊಂದು ಕೊಡು. ಮಗಳು ಹುಟ್ಟೋಕ್ ಮುಂಚೆ ತಗೊಂಡಿದ್ದು, ಗುಂಡಿ ಎಲ್ಲ ಸವೆದುಹೋಗಿದೆ."

"ಟೋಪಿ ಹಾಕ್ಕೊಂಡು ಆಡಿದ್ಯೇನೋ?"

"ಟೋಪಿ ಹಾಕ್ಕೊಂಡು ಆಡೋದೂ ಒಂದೇ, ಬಟ್ಟೆ ಹಾಕ್ಕೊಂಡು ಸ್ನಾನ ಮಾಡೋದೂ ಒಂದೇ. ನನ್ ಕೈಯಲ್ಲಿ ಮುಚ್ಚಿಡೋವಂಥದ್ದು ಏನಿದೆ?" ಎಂದು ನಕ್ಕು ಹೋದ.

ಮಧ್ಯಾಹ್ನ ಊಟ ಮುಗಿಸಿ ಅದನ್ನು ಕೈಗೆ ತೆಗೆದುಕೊಂಡೆ. ಹಿಡಿದ ಕೂಡಲೇ ನನಗೆ ಖುಷಿಯಾಯಿತು. ನಿಧಾನದ, ನೆಚ್ಚಿಕೆಯ ಕೈ. ತಿರುವು ಬರುವ ಮೊದಲೇ ವೇಗ ತಗ್ಗಿಸುವ ಕೈ. ತಾಯಿ ಸತ್ತಾಗ ನಾಲ್ಕು ವರ್ಷದವನಿದ್ದ ಅವನಿಗೆ ತುತ್ತು ಕಲಸಿಕೊಳ್ಳುವುದನ್ನು ಕಲಿಸಿದವಳು ನಾನು. ಅದೇ ಕೈ ಈಗ ನನ್ನ ಬೆರಳಲ್ಲಿ ಕಾರು ಓಡಿಸುತ್ತಿದೆ ಎಂದು ಹೆಮ್ಮೆಯಿಂದ ಆಡುತ್ತಿದ್ದೆ. ಕಾರು ದೊಡ್ಡ ತಿರುವಿನಲ್ಲಿತ್ತು. ಮರುಕ್ಷಣ ನೋಡಿದರೆ ಗೋಡೆಗೆ ಮೂಗು ಒತ್ತಿ ನಿಂತಿತ್ತು. ನಡುವಿನದು ನನಗೆ ಕಾಣಲೇ ಇಲ್ಲ.

ಕಣ್ಣು ತಪ್ಪಿರಬೇಕು ಎಂದು ಮತ್ತೆ ಆಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಈ ಸಲ ಮೂಲೆಯಲ್ಲಿ ಓಡುವ ಸೆಕೆಂಡುಗಳನ್ನು ನೋಡಿಕೊಂಡಿದ್ದೆ. ನಾಲ್ಕು ಸೆಕೆಂಡು ಹೆಬ್ಬೆರಳು ಏನೂ ಮಾಡಿರಲಿಲ್ಲ. ಮೂರನೇ ಸಲ ಗುಂಡಿ ಮುಟ್ಟಿದರೆ ಬೆರಳು ತಾನೇ ನಿಂತಿತು, ಈಗ ನನಗೆ ಅದು ನಿಲ್ಲುವುದು ಸ್ಪಷ್ಟವಾಗಿ ತಿಳಿಯಿತು. ಇದು ಅವಸರವಲ್ಲ, ಸೋಮಾರಿತನವಲ್ಲ. ಇದು ಆಗಾಗ ಆರಿಹೋಗುವ ಕೈ. ಈ ಕೈ ದಿನಕ್ಕೆ ಎರಡು ಸಲ ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡು ಕೆರೆ ಏರಿಯ ಮೂರು ತಿರುವು ದಾಟುತ್ತದೆ. ಏರಿಗೆ ಆ ಕಡೆ ತಡೆಗೋಡೆಯೂ ಇಲ್ಲ.

ಅವನಿಗೆಂದು ತೆಗೆದಿಟ್ಟಿದ್ದ ಹೊಸ ಸೆಟ್ಟನ್ನು ಆ ಗಾಬರಿಯಲ್ಲೂ ಪದ್ಧತಿಯಂತೆ ಒಂದು ಗಂಟೆ ಆಡಿಯೇ ಪ್ಯಾಕ್ ಮಾಡಿದೆ. ಮರುದಿನ ಅವನು ಬಂದಾಗ ಅದನ್ನು ಕೈಗಿಟ್ಟು, ಕೂರಿಸಿ ಕೇಳಿದೆ.

"ಕಂಠಿ, ನಿನಗೆ ಆಗಾಗ ಕೈ ನಿಂತುಹೋಗುತ್ತಾ?"

"ನಿಂತುಹೋಗೋಕೆ ಅದೇನು ಗೋಡೆ ಗಡಿಯಾರನಾ ಅಕ್ಕ?"

"ತಮಾಷೆ ಬೇಡ. ನಿನ್ನ ಸೆಟ್ಟಲ್ಲಿ ನಾಲ್ಕ್ ನಾಲ್ಕ್ ಸೆಕೆಂಡು ಕೈ ಆರಿಹೋಗುತ್ತೆ. ನಾನೇ ನೋಡಿದೀನಿ."

ಅವನ ನಗು ಇಂಗಿತು. ಅಂದೇ ಡಾಕ್ಟರ ಹತ್ತಿರ ಹೋದ. ಅವರು ಮೊಣಕೈಗೆ ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು, ಏನೂ ಇಲ್ಲ ಹೋಗಪ್ಪ ಎಂದರಂತೆ. ಆದರೆ ನಮ್ಮ ಊರಿನಲ್ಲಿ ಡಾಕ್ಟರ ಮಾತಿಗಿಂತ ವಸ್ತುವಿನ ಮಾತು ದೊಡ್ಡದು. ಮನುಷ್ಯ ಸುಳ್ಳು ಹೇಳಬಹುದು, ಡಾಕ್ಟರು ತಪ್ಪಬಹುದು, ಸೆಟ್ಟು ತಪ್ಪುವುದಿಲ್ಲ. ನಾನು ಎರಡು ದಿನ ಒದ್ದಾಡಿದೆ. ಮೂರನೇ ದಿನ ಬೆಳಿಗ್ಗೆ ಅವನ ವ್ಯಾನ್ ಅಂಗಡಿಯ ಮುಂದೆ ಹಾದುಹೋಯಿತು. ಕಿಟಕಿಯಿಂದ ಮಕ್ಕಳು ನನಗೆ ಕೈ ಬೀಸಿದವು. ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ನೇರ ಹೆಡ್ ಮಿಸ್ ಸುಲೋಚನಾ ಅವರ ಕೋಣೆಗೆ ಹೋದೆ.

ಅವರು ನನ್ನ ಮಾತನ್ನು ನಂಬಲಿಲ್ಲ, ಸೆಟ್ಟನ್ನು ನಂಬಿದರು. ಬಳೆ ಹಿಂದಕ್ಕೆ ಸರಿಸಿ ಬರಿಗೈಯಲ್ಲಿ ಹಿಡಿದು ಆಡಿದರು. ಎಂಟನೇ ನಿಮಿಷಕ್ಕೆ ಅವರ ಹೆಬ್ಬೆರಳು ಕಲ್ಲಾಯಿತು. ಸೆಟ್ಟನ್ನು ಹಾವು ಮುಟ್ಟಿದವರ ಹಾಗೆ ಮೇಜಿನ ಮೇಲೆ ಎಸೆದು, "ಅಯ್ಯೋ ದೇವರೇ, ನನ್ನ ಮಕ್ಕಳು" ಎಂದರು. ಆ ಸಂಜೆಯೇ, ಕರೆದುಕೊಂಡು ಹೋಗಲು ಬಂದಿದ್ದ ತಂದೆತಾಯಿಯರೆಲ್ಲ ನೋಡುತ್ತಿರುವಂತೆ, ಕಂಠಿಯ ಕೈಯಿಂದ ವ್ಯಾನಿನ ಕೀ ತೆಗೆದುಕೊಂಡರು. ಯಾರೋ ಒಬ್ಬ ಹೆಂಗಸು ತನ್ನ ಮಗನನ್ನು ಎಳೆದು ಅಪ್ಪಿಕೊಂಡು, ಕಂಠಿಯ ಕಡೆ ತಿರುಗಿ ಥೂ ಎಂದಳು.

ಅವನ ಹೆಂಡತಿ ಇಂದುಮತಿ ಸುಮ್ಮನಿರುವ ಹೆಣ್ಣಲ್ಲ. ಗಂಡನ ಬಾಚಣಿಗೆ, ಸ್ಕ್ರೂಡ್ರೈವರು, ಕ್ಷೌರದ ರೇಜರು ಎಲ್ಲ ಒಂದು ತಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋದಳು. "ಇವನ್ನೂ ಬರಿಗೈಲೇ ಹಿಡಿದಿರೋದು. ಹಿಡಿದು ನೋಡಿ, ಎಲ್ಲಿ ನಿಲ್ಲುತ್ತೆ ತೋರಿಸಿ" ಎಂದಳು. ಸುಲೋಚನಾ ಮಿಸ್ ಹಿಡಿದೂ ನೋಡಿದರು. ಎಲ್ಲೂ ನಿಲ್ಲಲಿಲ್ಲ. ಆದರೆ ತಲೆ ಬಾಚುವುದು ಅರ್ಧ ನಿಮಿಷದ ಕೆಲಸ, ಬಿಡದೆ ಹತ್ತು ನಿಮಿಷ ಕೈ ದುಡಿಯುವುದು ಆಟದಲ್ಲಿ ಮಾತ್ರ, ವ್ಯಾನಿನ ಸ್ಟಿಯರಿಂಗಿಗೆ ಕವಚ ಇದ್ದೇ ಇದೆ, ಆದ್ದರಿಂದ ಸೆಟ್ಟೇ ಸಾಕ್ಷಿ ಎಂದರು. ವಾಪಸು ಬರುವಾಗ ಇಂದುಮತಿ ನನ್ನ ಅಂಗಡಿಯ ಮುಂದೆ ನಿಂತಳು. "ಅತ್ತಿಗೆ, ಊರಿನವರ ಕೈಯೆಲ್ಲ ಹೊಟ್ಟೆಯೊಳಗೆ ಇಟ್ಕೊಂಡ್ರಿ. ನಿಮ್ಮ ತಮ್ಮನ ಕೈ ಮಾತ್ರ ನಿಮಗೆ ಅರಗಲಿಲ್ಲ" ಎಂದಳು.

ನಾಲ್ಕು ದಿನದಲ್ಲಿ ಕಂಠಿಯೇ ಬಂದ. ಹೊಸ ಸೆಟ್ಟು ಅವನ ಕೈಯಲ್ಲಿತ್ತು. ಮುಖ ಬೂದಿ ಬಳಿದಂತಿತ್ತು.

"ಅಕ್ಕ, ನೀನು ಹೇಳಿದ್ದು ನಿಜ. ಹೊಸದರಲ್ಲೂ ನಿಲ್ಲುತ್ತೆ ಕಣೇ. ಮೂರು ಸಲ ನಿಂತಿತು. ನನಗೇ ಗೊತ್ತಾಗ್ತಿದೆ, ಬೆರಳು ನನ್ನ ಮಾತು ಕೇಳಲ್ಲ."

ಇಂದುಮತಿಯ ಬಾಯಿ ಅಲ್ಲಿಗೆ ಕಟ್ಟಿತು. ಅಂದಿನಿಂದ ಕಂಠಿ ತನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಾಡತೊಡಗಿದ. ಬಿಸಿನೀರಿನ ಪಾತ್ರೆ ಮುಟ್ಟುವುದಿಲ್ಲ, ಏಣಿ ಹತ್ತುವುದಿಲ್ಲ. ಆರು ವರ್ಷದ ಮಗಳು ಚಿತ್ಕಲಾ ಎತ್ತಿಕೋ ಎಂದು ಕೈ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಪ್ಪನ ವ್ಯಾನಿನಲ್ಲಿ ಮುಂದಿನ ಸೀಟಿನ ರಾಣಿಯಾಗಿ ಹೋಗುತ್ತಿದ್ದ ಮಗು ಬೇರೆ ಡ್ರೈವರನ ಜೊತೆ ಹೋಗುವುದಿಲ್ಲವೆಂದು ಅತ್ತು ರಂಪ ಮಾಡಿತು. ನಾನು ಕರ್ಕೊಂಡ್ ಹೋಗ್ತೀನಿ ಬಿಡು ಎಂದೆ. ದಿನಾ ಬೆಳಿಗ್ಗೆ ಸಂಜೆ ನನ್ನ ಸ್ಕೂಟರಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿಕೊಂಡು, ಕೆರೆ ಏರಿಯ ಮೇಲಿಂದ, ಎರಡು ತಿಂಗಳು. ಇಪ್ಪತ್ತೆರಡು ಮಕ್ಕಳನ್ನು ಉಳಿಸಿದವಳು, ತಮ್ಮನ ಮಗುವನ್ನೂ ನೋಡಿಕೊಳ್ಳುವವಳು ಎಂದು ಊರು ನನ್ನನ್ನು ಹೊಗಳುತ್ತಿತ್ತು. ಒಳಗೊಳಗೆ ನಾನೂ ಹೊಗಳಿಕೊಳ್ಳುತ್ತಿದ್ದೆ, ನಾಚಿಕೆಯಿಲ್ಲದೆ.

ಹೋದ ಸೋಮವಾರ ಮಧ್ಯಾಹ್ನ ಕಮಲಾಕ್ಷಮ್ಮ ಬಂದರು. ನಲವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಮೇಡಂ. ಕಣ್ಣಿಗೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ಇಟ್ಟಿಗೆ ಜೋಡಿಸುವ ಆಟಕ್ಕೆ ಬಿದ್ದವರು. ತಿಂಗಳ ಹಿಂದೆ ನನ್ನ ಹತ್ತಿರವೇ ಹೊಸ ಸೆಟ್ಟು ಕೊಂಡಿದ್ದರು.

"ವಾರಿಜಾ, ನಿನ್ನ ತಮ್ಮನ ಕಾಯಿಲೆ ನನಗೂ ಬಂತು ಕಣಮ್ಮ ಅಂದ್ಕೊಂಡಿದ್ದೆ" ಎಂದು ಕುರ್ಚಿ ಎಳೆದುಕೊಂಡರು. "ಹೆಬ್ಬೆರಳು ನಡುನಡುವೆ ನಿಂತೇ ಹೋಗುತ್ತೆ. ಮೇಲಿಂದ ಇಟ್ಟಿಗೆ ದಬದಬ ಬೀಳ್ತಿರುತ್ತೆ, ನಾನು ನೋಡ್ತಾ ಕೂತಿರ್ತೀನಿ."

"ವಯಸ್ಸು ಮೇಡಂ. ಡಾಕ್ಟರಿಗೆ ತೋರಿಸಿ."

"ಇರು, ಪೂರ್ತಿ ಕೇಳು. ಹೋದ ವಾರ ಬೆರಳು ಟೋಪಿ ತಗೊಂಡು ಹೋದೆನಲ್ಲ? ಮೊಮ್ಮಗಳಿಗೆ ನನ್ನ ಮುದಿ ಕೈ ಹತ್ತಬಾರದು ಅಂತ. ಟೋಪಿ ಹಾಕ್ಕೊಂಡು ಆಡಿದ್ರೆ ಒಂದು ಸಲಾನೂ ನಿಲ್ಲಲ್ಲ. ತೆಗೆದು ಆಡಿದ್ರೆ ನಿಲ್ಲುತ್ತೆ. ಏಳು ದಿನ ನೋಡಿದೆ, ದಿನಾ ಹಾಗೇ. ನಿಲ್ಲೋ ಕೈ ನಂದಾಗಿದ್ರೆ ಟೋಪಿಯೊಳಗೂ ನಿಲ್ಲಬೇಕಿತ್ತಲ್ವಾ?"

"ಹೌದು."

"ಅಂದ್ರೆ ಅದು ನನ್ನ ಕೈ ಅಲ್ಲ, ಸೆಟ್ಟಲ್ಲಿರೋ ಕೈ. ಸರಿ, ಸೆಟ್ಟು ಹೊಸದು. ಡಬ್ಬಿ ಒಡೆದದ್ದೇ ಇಲ್ಲಿ. ನನಗಿಂತ ಮುಂಚೆ ಅದನ್ನ ಬರಿಗೈಲಿ ಹಿಡಿದೋರು ಯಾರು?"

ತರಗತಿಯಲ್ಲಿ ಉತ್ತರಕ್ಕಾಗಿ ಕಾಯುವಂತೆ ಅವರು ನನ್ನ ಮುಖ ನೋಡುತ್ತಾ ಕೂತರು. ಕಪಾಟಿನಿಂದ ಒಂದು ಹೊಸ ಸೆಟ್ಟು ತೆಗೆದೆ, ಹಿಂದಿನ ವಾರ ನಾನೇ ಆಡಿ ಇಟ್ಟಿದ್ದು. ಅವರ ಕೈಗೆ ಕೊಟ್ಟೆ. ಅವರು ಆಡಿದರು. ನಿಂತಿತು. ಇನ್ನೊಂದು ಕೊಟ್ಟೆ. ಅದೂ ನಿಂತಿತು. ಮೂರನೆಯದನ್ನು ಕೊಡಲು ಹೋದಾಗ ಅವರೇ, "ಸಾಕು ಕಣಮ್ಮ" ಎಂದರು.

ಈ ವರ್ಷ ಬಂದ ಹಳೆಯ ಸೆಟ್ಟುಗಳಲ್ಲೆಲ್ಲ ಅಲ್ಲಲ್ಲಿ ತಟಸ್ಥವಾಗುವ ಕೈಗಳು ಕಂಡಿದ್ದವು. ಊರಿನ ಜನರ ಗಮನವೇ ಕೆಟ್ಟಿದೆ ಎಂದು ನಾನು ಗೊಣಗಿದ್ದೆ. ಉಕ್ಕಿ ಒಲೆ ತೋಯಿಸಿದ ಹಾಲಿಗೆ ಹಾಲಿನವನನ್ನು ಬೈದಿದ್ದೆ. ಮಾತಾಡುತ್ತಿದ್ದ ಗಿರಾಕಿ ತಟ್ಟನೆ ಇನ್ನೊಂದು ಮಾತಿಗೆ ಜಿಗಿದರೆ ಅವರಿಗೇ ಅರಳುಮರಳು ಎಂದುಕೊಂಡಿದ್ದೆ. ತಮ್ಮನ ಸೆಟ್ಟಿನಲ್ಲಿ ಅಂದು ಕಾರು ಗೋಡೆಗೆ ಹೋದಾಗ ಆರಿದ್ದು ನಾನು. ಆರುತ್ತಲೇ ಆ ಕೈಯನ್ನು ಅವನ ಸೆಟ್ಟಿಗೆ ಹತ್ತಿಸಿದೆ. ಅದನ್ನೇ ಮೂರನೇ ಸಲ ಮುಟ್ಟಿ, ಇದು ಅವನದು ಎಂದು ತೀರ್ಮಾನಿಸಿದೆ. ಅವನಿಗೆ ಕೊಟ್ಟ ಹೊಸ ಸೆಟ್ಟಿನಲ್ಲೂ ಒಂದು ಗಂಟೆ ನನ್ನನ್ನೇ ತುಂಬಿ, ಅವನ ಬಾಯಿಂದಲೇ ತಪ್ಪೊಪ್ಪಿಸಿದೆ.

"ನನ್ನ ಬಾಯಿಂದ ಇದು ಎಲ್ಲಿಗೂ ಹೋಗಲ್ಲ" ಎಂದರು ಕಮಲಾಕ್ಷಮ್ಮ. "ಕೈಯ ವಿಷಯ ಅಂಗಡಿ ಬಿಟ್ಟು ಆಚೆ ಹೋಗಬಾರದು ಅಂತ ಇದೆಯಲ್ಲ ನಿಮ್ಮಲ್ಲಿ."

ಅವರು ಚುಚ್ಚಬೇಕೆಂದು ಹೇಳಿದ್ದಲ್ಲ, ನಿಜವಾಗಿ ನನ್ನನ್ನು ಕಾಪಾಡಲು ಹೇಳಿದ್ದು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಒಂದು ಗಳಿಗೆ, ಸುಳ್ಳೇಕೆ ಹೇಳಲಿ, ಸುಮ್ಮನಿದ್ದುಬಿಡಲೇ ಎಂದು ನನಗೆ ಅನ್ನಿಸಿತು. ಎಲ್ಲ ಸೆಟ್ಟಿಗೂ ಟೋಪಿ ಪುಕ್ಕಟೆ ಕೊಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತದೆ? ಹೇಳಿದರೆ ಅಂಗಡಿ ಇರುವುದಿಲ್ಲ, ಇಪ್ಪತ್ತು ವರ್ಷದ ಹೆಸರೂ ಇರುವುದಿಲ್ಲ. ಹಾಗೆ ಯೋಚಿಸುತ್ತಲೇ ಗಡಿಯಾರ ನೋಡಿದೆ. ಮೂರೂ ಹತ್ತು. ಮೂರೂವರೆಗೆ ಶಾಲೆ ಬಿಡುತ್ತದೆ. ಕೈ ತನ್ನ ಪಾಡಿಗೆ ಸ್ಕೂಟರಿನ ಕೀ ತೆಗೆದುಕೊಂಡಾಗಿತ್ತು.

ಕೀ ನೋಡಿದೆ. ಚಿತ್ಕಲಾ. ಎರಡು ತಿಂಗಳು. ಕೆರೆ ಏರಿ. ಕೀಯನ್ನು ಮೇಜಿನ ಮೇಲೆ ಹಾಕಿ ಫೋನ್ ಮಾಡಿದೆ. ಇಂದುಮತಿ ತೆಗೆದಳು.

"ಇಂದು, ಕಂಠೀನ ಸ್ಕೂಲಿಗೆ ಕಳಿಸು. ಮಗೂನ ನಾನು ಕರ್ಕೊಂಡ್ ಬರಲ್ಲ."

"ಏನ್ ಹೇಳ್ತಿದೀರ ಅತ್ತಿಗೆ? ಅವರು ಮಗೂನ ಮುಟ್ಟೋದೇ ಇಲ್ಲ, ನಿಮಗೆ ಗೊತ್ತಲ್ಲ."

"ಅವನ ಕೈಗೆ ಏನೂ ಆಗಿಲ್ಲ ಇಂದು. ನಿಲ್ಲೋ ಕೈ ನಂದು. ಮೊದಲಿಂದಲೂ ನಂದೇ."

ಆಮೇಲೆ ಬಂದ ದನಿ ಇಂದುಮತಿಯದು ಎಂದು ಗುರುತೇ ಸಿಗುವಂತಿರಲಿಲ್ಲ. "ಅವರ ಕೈಯಿಂದ ಮಗೂನ ಕಿತ್ತು ನಿಮ್ಮ ಸ್ಕೂಟರ್ ಮೇಲೆ ನಿಲ್ಲಿಸಿದೆ ನಾನು. ದಿನಾ. ಟಾಟಾ ಮಾಡಿ ಕಳಿಸಿದೆ." ಫೋನು ಹಾಗೇ ತೆರೆದಿತ್ತು. ಅವಳು ಗಂಡನನ್ನು ಕೂಗುತ್ತಾ ಓಡಿದ್ದು ಕೇಳಿಸಿತು.

ಅಂಗಡಿಯನ್ನು ಕಮಲಾಕ್ಷಮ್ಮನಿಗೆ ಒಪ್ಪಿಸಿ, ಅವರ ಇಟ್ಟಿಗೆಯ ಕ್ಯಾಸೆಟ್ಟನ್ನು ಆ ಮೂರನೆಯ ಸೆಟ್ಟಿಗೆ ಹಾಕಿ, ಒಂದು ಜೊತೆ ಟೋಪಿಯನ್ನೂ ತೆಗೆದುಕೊಂಡು ಶಾಲೆಗೆ ನಡೆದೆ. ಗೇಟಿನ ಹತ್ತಿರ ತಂದೆತಾಯಿಯರು ಸೇರಿದ್ದರು. ಸುಲೋಚನಾ ಮಿಸ್ ಹೊರಗೆ ಬರುತ್ತಿದ್ದರು. ಅವರ ಕೈಗೆ ಸೆಟ್ಟು ಕೊಟ್ಟು, ಎಲ್ಲರಿಗೂ ಕೇಳಿಸುವಂತೆ, ಇದು ಹೊಸದು, ಇದರಲ್ಲಿರುವುದು ನನ್ನ ಕೈ, ಹಿಡಿದು ನೋಡಿ ಎಂದೆ. ಅವರು ಹಿಡಿದರು. ಒಂದೆರಡು ನಿಮಿಷ ಆಡಿದರು. ಅವರ ಬೆರಳು ನಿಂತಾಗ ಅವರು ಸೆಟ್ಟನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಂದು ಕಂಠಿಗೆ ಥೂ ಎಂದಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

ಕಂಠಿ ಓಡುತ್ತಾ ಬಂದ. ಚಪ್ಪಲಿಯೂ ಇರಲಿಲ್ಲ. ಬಂದವನು ಅಭ್ಯಾಸದಂತೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ.

"ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯ ಅಕ್ಕ. ನನಗೆ ಗೊತ್ತು, ನಂದೂ ನಿಲ್ಲುತ್ತೆ."

"ಟೋಪಿ ಹಾಕ್ಕೋ. ಒಂದು ಸಲ ಆಡು. ನನ್ನಾಣೆ."

ಅವನು ಶಾಲೆಯ ಮೆಟ್ಟಿಲ ಮೇಲೆ ಕೂತು, ಅಸಹ್ಯಪಡುತ್ತಲೇ ಟೋಪಿ ಏರಿಸಿಕೊಂಡ. ವ್ಯಾನಿನ ಮಕ್ಕಳೆಲ್ಲ ಅವನ ಹೆಗಲ ಮೇಲಿಂದ ಬಗ್ಗಿ ಮುತ್ತಿಕೊಂಡವು. ಇಟ್ಟಿಗೆಯ ಆಟ, ಅವನಿಗೆ ರೂಢಿಯಿಲ್ಲದ್ದು. ಆದರೂ ಆಡಿದ. ಐದು ನಿಮಿಷ. ಹತ್ತು. ಹದಿನೈದು. ಮಕ್ಕಳು ಸಾಲುಗಳನ್ನು ಜೋರಾಗಿ ಎಣಿಸುತ್ತಿದ್ದವು. ಬೆರಳು ಒಂದು ಸಲವೂ ನಿಲ್ಲಲಿಲ್ಲ. ಕೊನೆಗೆ ಅವನೇ ಆಟವನ್ನು ಬಿಟ್ಟು, ಸೆಟ್ಟನ್ನು ಪಕ್ಕಕ್ಕಿಟ್ಟು, ಟೋಪಿ ಕಳಚಿ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಎರಡು ತಿಂಗಳು, ಅಕ್ಕ" ಎಂದ.

ಸುಲೋಚನಾ ಮಿಸ್ ನಾಳೆಯಿಂದಲೇ ಬಂದುಬಿಡಿ ಎಂದೇನೋ ಹೇಳುತ್ತಿದ್ದರು, ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಚಿತ್ಕಲಾ ಎದುರು ಬಂದು ಅನುಮಾನದಿಂದ ಕೈ ಚಾಚಿದಳು. ಎತ್ತಿಕೊಂಡ. ಎತ್ತಿಕೊಂಡವನು ನನ್ನ ಮುಖ ನೋಡದೆ ರಸ್ತೆಯ ಕಡೆ ಹೊರಟ. ಅವನು ತಿರುಗಿ ನೋಡಬೇಕೆಂದು ಕೇಳುವ ಮುಖ ನನಗಿರಲಿಲ್ಲ. ನಾನು ಹಿಂದೆ ಹೋದೆ. ರಸ್ತೆ ದಾಟುವ ಜಾಗದಲ್ಲಿ ಅವನು ನಿಂತ. ಮಗುವನ್ನು ಒಂದು ತೋಳಿಗೆ ಬದಲಿಸಿಕೊಂಡು, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಹಿಡಿದ. ವ್ಯಾನಿನಿಂದ ಇಳಿಸಿ ಮಕ್ಕಳನ್ನು ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ, ಅಂಗೈಯಲ್ಲ, ಮಣಿಕಟ್ಟು. ಕೋಪದ ಹಿಡಿತ, ಬಳೆ ಚರ್ಮಕ್ಕೆ ಒತ್ತುತ್ತಿತ್ತು. ಬಲಗಡೆಯಿಂದ ಒಂದು ಲಾರಿ ದೂರದಲ್ಲಿ ಬರುತ್ತಿತ್ತು. ನಾವು ರಸ್ತೆಗೆ ಇಳಿದೆವು.

ಆಮೇಲೆ ನಾವು ಆಚೆ ಬದಿಯಲ್ಲಿದ್ದೆವು. ಲಾರಿ ಎಡಗಡೆ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ನನ್ನ ಒಂದು ಚಪ್ಪಲಿ ರಸ್ತೆಯ ನಡುವೆ ಬಿದ್ದಿತ್ತು. ಚಿತ್ಕಲಾ ಅಪ್ಪನ ಕುತ್ತಿಗೆಗೆ ಜೋತುಬಿದ್ದು ನನ್ನನ್ನೇ ದಿಟ್ಟಿಸುತ್ತಿದ್ದಳು. ಕಂಠಿಯ ಮುಖ ಬಿಳಿಚಿಕೊಂಡಿತ್ತು.

"ಎಷ್ಟು ಹೊತ್ತು?" ಎಂದೆ.

"ನಾಲ್ಕು ಸೆಕೆಂಡು" ಎಂದ. ಮಣಿಕಟ್ಟು ಬಿಡಲಿಲ್ಲ.